ಸರು, ಸಾರು, ಮರಕೋತಿ

ಜಪಾನಿನವರು ಕೋತಿಗೆ ‘ಸರು’ ಅನ್ನುತ್ತಾರೆ. ಈ ಮಾತು ನಮ್ಮ ಮನೆಗೆ ಬಂದದ್ದು 2008ರ ಬೇಸಿಗೆ ರಜೆಯಲ್ಲಿ. ತುಮಕೂರಿನಿಂದ ಅಕ್ಕನ ಮಗ ಗುಬ್ಬಿ ತಾಲ್ಲೂಕಿನ ನಮ್ಮೂರಿಗೆ ಬಂದಿದ್ದ. ಬ್ಯಾಗಿನಲ್ಲಿ ಬಟ್ಟೆಗಿಂತ ವೈರೇ ಜಾಸ್ತಿ. ಯಾರಿಂದಲೋ ಕಡಿಮೆ ಬೆಲೆಗೆ ಕೊಂಡ ಹಳೆಯ ಪ್ಲೇಸ್ಟೇಷನ್ 2, ಎರಡು ಕಂಟ್ರೋಲರ್, ಒಂದಿಷ್ಟು ಡಿಸ್ಕು. ನಡುಮನೆಯ ಟೀವಿಯ ಹಿಂದೆ ತಲೆ ತೂರಿಸಿಕೊಂಡೇ ಕೂಗಿದ: “ಅಜ್ಜೀ, ಸರು ಗೆಚ್ಚು ಹಾಕ್ತಿದೀನಿ, ಬಾ!”

ಒಲೆಯ ಮುಂದಿದ್ದ ಅಮ್ಮ ಅಲ್ಲಿಂದಲೇ ಉತ್ತರ ಕೊಟ್ಟಳು: “ಯಾವ ಸಾರೂ ಕೆಟ್ಟಿಲ್ಲ ಕಣ್ಲಾ. ಬೆಳಿಗ್ಗೆ ತಾನೇ ಮಾಡಿರೋ ಬಸ್ಸಾರು.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ನಮ್ಮ ಮನೆಯಲ್ಲಿ ಆ ಆಟಕ್ಕೆ ‘ಬಸ್ಸಾರು’ ಅಂತಲೇ ಹೆಸರು. ಅದರ ನಿಜವಾದ ಹೆಸರಿನ ಗುಟ್ಟು ಇಷ್ಟೇ: ‘ಗೆಟ್ ಯೂ’ ಅನ್ನುವ ಇಂಗ್ಲಿಷ್ ಮಾತು ಜಪಾನಿನ ಬಾಯಲ್ಲಿ ಗೆಚ್ಚು ಆಗಿದೆ. ‘ಕೋತೀ, ಹಿಡಿದೆ ನಿನ್ನ’ ಅಂತ ಅರ್ಥ. ಬೇರೆ ದೇಶಗಳಲ್ಲಿ ಅದನ್ನು ‘ಏಪ್ ಎಸ್ಕೇಪ್’ ಎಂದು ಮಾರಿದರು. ಸೋನಿಯ ಜಪಾನ್ ಸ್ಟುಡಿಯೋ ಮಾಡಿದ ಈ ಸರಣಿಯ ಮೊದಲ ಆಟ ಬಂದದ್ದು 1999ರಲ್ಲಿ, ಮೊದಲ ಪ್ಲೇಸ್ಟೇಷನ್ನಿಗೆ. ಹಳೆಯ ಡಿಸ್ಕುಗಳೂ ಪ್ಲೇಸ್ಟೇಷನ್ 2ರಲ್ಲಿ ಓಡುತ್ತಿದ್ದುದರಿಂದ ನಮಗೆ ಆ ಮೊದಲ ಆಟವೇ ಸಿಕ್ಕಿತು.

ಕಥೆ ಕೇಳಿ. ಒಂದು ಪಾರ್ಕಿನಲ್ಲಿ ಸ್ಪೆಕ್ಟರ್ ಅನ್ನುವ ಬಿಳೀ ಕೋತಿ. ಒಬ್ಬ ಪ್ರೊಫೆಸರು ಮಾಡಿದ, ಬುದ್ಧಿ ಹೆಚ್ಚಿಸುವ ಹೆಲ್ಮೆಟ್ಟು ಅದರ ತಲೆಗೇರುತ್ತದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಏನಾಗುತ್ತದೆಂದು ನಮ್ಮವರು ಗಾದೆ ಕಟ್ಟಿದ್ದಾರೆ. ಮಂಗನ ತಲೆಗೆ ಮಾಣಿಕ್ಯ ಕಟ್ಟಿದರೆ ಏನಾಗುತ್ತದೆಂದು ಜಪಾನಿನವರು ಆಟ ಕಟ್ಟಿದರು. ಸ್ಪೆಕ್ಟರ್ ತನ್ನ ಬಳಗಕ್ಕೆಲ್ಲ ಹೆಲ್ಮೆಟ್ಟು ಹಂಚಿ, ಕಾಲಯಂತ್ರ ಹಿಡಿದು, ಚರಿತ್ರೆಯ ಬೇರೆ ಬೇರೆ ಕಾಲಕ್ಕೆ ಅವುಗಳನ್ನು ಚದುರಿಸುತ್ತದೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅನ್ನುತ್ತೇವಲ್ಲ, ಇಲ್ಲಿ ಕಾಲವನ್ನೆಲ್ಲ ಕೆಡಿಸಲು ಹೊರಡುತ್ತದೆ. ಸ್ಪೈಕ್ ಎಂಬ ಹುಡುಗ ಬಲೆ ಹಿಡಿದು ಒಂದೊಂದನ್ನೇ ಹಿಂದಕ್ಕೆ ಕಳಿಸಬೇಕು. ಒಟ್ಟು 204 ಕೋತಿ. ಒಂದೊಂದಕ್ಕೂ ಬೇರೆ ಹೆಸರು. ಹಳದಿ ಚಡ್ಡಿಯದು ಸಾಧಾರಣದ್ದು, ನೀಲಿ ಚಡ್ಡಿಯದು ಓಟಗಾರ, ಕೆಂಪು ಚಡ್ಡಿಯದು ಜಗಳಗಂಟ.

ಈ ಆಟಕ್ಕೆ ಇನ್ನೊಂದು ಹೆಗ್ಗಳಿಕೆಯಿದೆ. ಎರಡು ಹೆಬ್ಬೆರಳಿಗೂ ಒಂದೊಂದು ಕಡ್ಡಿಯಿರುವ ಡ್ಯುಯಲ್‌ಶಾಕ್ ಕಂಟ್ರೋಲರ್ ಇಲ್ಲದೆ ಆಡಲಾಗದಂತೆ ಮಾಡಿದ ಮೊದಲ ಆಟ ಇದೇ. ಎಡಗಡೆಯ ಕಡ್ಡಿ ಹುಡುಗನ ಕಾಲು, ಬಲಗಡೆಯದು ಅವನ ಕೈ. ಎಡಗೈಯಲ್ಲಿ ಓಡುತ್ತಲೇ ಬಲಗೈಯಲ್ಲಿ ಬೇಕಾದ ದಿಕ್ಕಿಗೆ ಬಲೆ ಬೀಸಬಹುದು. ಕಡ್ಡಿಯನ್ನು ಸ್ವಲ್ಪವೇ ಒತ್ತಿದರೆ ಹುಡುಗ ತುದಿಗಾಲಲ್ಲಿ ಮೆಲ್ಲಗೆ ಹೆಜ್ಜೆಯಿಡುತ್ತಾನೆ, ಪೂರ್ತಿ ಒತ್ತಿದರೆ ದಬದಬ ಓಟ. ಮೊದಲ ಸಲ ಹಿಡಿದಾಗ ನನ್ನ ಎರಡು ಕೈಗೂ ಹೊಂದಾಣಿಕೆಯೇ ಆಗಲಿಲ್ಲ. ಆಗ ನೆನಪಾದವರು ನಮ್ಮೂರಿಗೆ ನಾಟಕ ಕಲಿಸಲು ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಎಡಗೈ ತಿದಿಯೊತ್ತುವುದಕ್ಕೆ, ಬಲಗೈ ಮನೆಗಳ ಮೇಲೆ ಓಡುವುದಕ್ಕೆ. ಎಡಗೈ ನಿಂತರೆ ಬಲಗೈಗೆ ಬದುಕಿಲ್ಲ. “ಗಾಳಿಯನ್ನ ಮರೆತುಬಿಡಬೇಕು, ಆಗ ರಾಗ ಬರುತ್ತೆ” ಅನ್ನುತ್ತಿದ್ದರು. ಮೂರನೆಯ ದಿನ ನಾನೂ ಎಡಗೈಯನ್ನು ಮರೆತೆ. ಬಲೆ ನೆಟ್ಟಗೆ ಬಿತ್ತು.

ನಾಟಕದ ಮಾತು ಬಂದರೆ ಗುಬ್ಬಿಯವರು ಸುಮ್ಮನೆ ಮುಂದೆ ಹೋಗುವುದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಬಾಲಕನಾಗಿ ಸೇರಿ, ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ಜನರನ್ನು ನಗಿಸಿಯೇ ಹೆಸರಾದವರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ತುಮಕೂರಿನ ಕಲಾಕ್ಷೇತ್ರಕ್ಕೆ ಈಗ ಅವರದೇ ಹೆಸರು. ಹಾಸ್ಯಗಾರನಿಗೆ ಎದುರಾಳಿ ಬೇಕು, ಎದುರಾಳಿ ಗಂಭೀರವಾಗಿದ್ದಷ್ಟೂ ನಗು ಜೋರು ಅನ್ನುವುದು ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ಈ ಆಟದವರಿಗೂ ಗೊತ್ತಿತ್ತು. 2004ರಲ್ಲಿ ‘ಮೆಟಲ್ ಗೇರ್ ಸಾಲಿಡ್ 3’ ಅನ್ನುವ ಭಾರೀ ಗಂಭೀರವಾದ ಯುದ್ಧದಾಟದೊಳಗೆ ಈ ಕೋತಿಗಳನ್ನು ನುಗ್ಗಿಸಿದರು. ಸ್ನೇಕ್ ಎಂಬ ಮಹಾ ಗೂಢಚಾರ ನಗದೆ, ಹಲ್ಲು ಕಚ್ಚಿಕೊಂಡು, ಕಾಡಿನಲ್ಲಿ ತೆವಳಿ ತೆವಳಿ ಕೋತಿ ಹಿಡಿಯುತ್ತಾನೆ. ಅವನು ಗಂಭೀರವಾಗಿರುವುದಕ್ಕೇ ನಮಗೆ ಹೊಟ್ಟೆ ಹುಣ್ಣಾಗುವ ನಗು.

ನಮ್ಮೂರ ನಾಟಕದಲ್ಲಿ ಆಂಜನೇಯನ ಪಾತ್ರಧಾರಿ ರಂಗದ ಹಿಂದಿನಿಂದ ಬರುತ್ತಿರಲಿಲ್ಲ. ಜನರ ಹಿಂದೆ ಇದ್ದ ಹೊಂಗೆಮರದಿಂದ ಧೊಪ್ಪನೆ ಇಳಿದು, ಕೂತವರ ನಡುವೆಯೇ ಹಾದು, ರಂಗವೇರುತ್ತಿದ್ದ. ತಂತಿ ಸುತ್ತಿದ ಬಾಲ ಮುಟ್ಟಲು ಮಕ್ಕಳ ನೂಕುನುಗ್ಗಲು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಸಂಸ್ಥೆ 2009ರಲ್ಲಿ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟ ತಂದಿತು. ಪ್ಲೇಸ್ಟೇಷನ್ 2ಕ್ಕೆ ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಆಟ ಅದು. ದೇವರನ್ನು ಗುಂಡಿಯೊತ್ತಿ ಆಡಿಸುವುದು ಸರಿಯೇ ಎಂದು ಆಕ್ಷೇಪವೂ ಎದ್ದಿತು. ನನಗೆ ಮಾತ್ರ ಆ ಹೊಂಗೆಮರ ಕಣ್ಣಿಗೆ ಬಂತು. ಬಾಲ ಕಟ್ಟಿಕೊಳ್ಳುವ ಮೊದಲು ಸ್ನಾನ ಮಾಡಿ, ಗುಡಿಗೆ ಹೋಗಿ ಕೈಮುಗಿದು ಬರುತ್ತಿದ್ದ ಆ ಪಾತ್ರಧಾರಿಯಲ್ಲಿ ಭಕ್ತಿಗೂ ಆಟಕ್ಕೂ ಜಗಳ ಇರಲಿಲ್ಲ. ಹಾಗೆ ಕೈಮುಗಿದು ಶುರುಮಾಡಿದರೆ ಆಟದಲ್ಲಿಯೂ ಇರಬೇಕಾಗಿಲ್ಲ.

ಈಗ ಬಲೆಗೆ ಬರೋಣ. ಕೋತಿಯ ಹೆಲ್ಮೆಟ್ಟಿನ ಮೇಲೊಂದು ದೀಪವಿದೆ. ನೀಲಿಯಿದ್ದರೆ ಅದು ತನ್ನ ಪಾಡಿಗೆ ತಾನಿದೆ. ಹಳದಿಯಾದರೆ ಅನುಮಾನ ಬಂದಿದೆ. ಕೆಂಪಾದರೆ ನಿಮ್ಮನ್ನು ಕಂಡಾಗಿದೆ, ಇನ್ನು ಓಟವೇ. ನಮ್ಮ ಅಕ್ಕನ ಮಗ ಪ್ರತಿಸಲವೂ ನೇರವಾಗಿ ನುಗ್ಗುತ್ತಿದ್ದ. ಕೆಂಪು ದೀಪ, ಕಿಚಪಿಚ, ಕೋತಿ ಪರಾರಿ. ರಾಗಿ ಮುದ್ದೆ ಕಟ್ಟಿ ಮುಗಿಸಿ ಬಾಗಿಲಿಗೊರಗಿ ನಿಂತಿದ್ದ ಅಮ್ಮ ಅರ್ಧ ಗಂಟೆ ನೋಡಿದಳು. ಆಮೇಲೆ ತಡೆಯಲಾರದೆ ಅಂದಳು:

“ಅಯ್ಯೋ ಪಾಪರ್ ನನ್ಮಗನೇ, ಮೊದ್ಲು ಕಾವಲು ಕೋತಿ ಯಾವ್ದು ಅಂತ ನೋಡ್ಬಾರ್ದೇನ್ಲಾ? ಎಲ್ಲಾ ತಿಂತಾವೆ, ಒಂದು ಮಾತ್ರ ತಿನ್ನದೆ ಆಕಡೆ ಈಕಡೆ ನೋಡ್ತಾ ಕೂತಿರ್ತದೆ. ಅದರ ಬೆನ್ನ ಕಡೆಯಿಂದ ಹೋಗು.”

ಅಮ್ಮ ಇಪ್ಪತ್ತು ವರ್ಷ ಕಡ್ಲೆಕಾಯಿ ಹೊಲ ಕಾದವಳು. ಅವಳ ವಿದ್ಯೆ ಪುಸ್ತಕದ್ದಲ್ಲ, ಬದುವಿನದು. ಅವನು ಮಾತು ಕೇಳಿ ಹಿಂದಿನಿಂದ ತುದಿಗಾಲಲ್ಲಿ ಹೋದ. ನೀಲಿ ದೀಪ ನೀಲಿಯಾಗಿಯೇ ಉಳಿಯಿತು. ಬಲೆ ಬಿತ್ತು. ಅವತ್ತು ಸಂಜೆಯಿಂದ ಅಮ್ಮನಿಗೆ ಟೀವಿಯ ಮುಂದೆ ಚಾಪೆ ಖಾಯಂ ಆಯಿತು.

ನಮ್ಮ ಕಡೆಯ ಕೆಂಪು ಮೂತಿಯ ಕೋತಿಯನ್ನು ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್ ಅನ್ನುತ್ತಾರೆ. ನಡುನೆತ್ತಿಯಿಂದ ಸುತ್ತಲೂ ಬಾಚಿದ ಹಾಗಿರುವ ಅದರ ಕೂದಲು ಟೋಪಿಯಂತೆ ಕಾಣುವುದರಿಂದ ಆ ಹೆಸರು. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲಿಯೂ ಈ ಜಾತಿ ಇಲ್ಲ. ಹೆಲ್ಮೆಟ್ಟನ್ನು ಹುಟ್ಟುವಾಗಲೇ ಹಾಕಿಕೊಂಡು ಬಂದ ಕೋತಿ ಇದು. ನಂಬಿಕೆಯಿಲ್ಲದವರು ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿ ಬರಲಿ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ನಡುವಿನ ಮೆಟ್ಟಿಲೆಲ್ಲ ಕೋತಿಗಳದೇ ರಾಜ್ಯ. ಒಂದು ಎದುರಿಗೆ ಕೂತು ಹಲ್ಲು ತೋರಿಸಿ ನಿಮ್ಮ ಗಮನ ಹಿಡಿದುಕೊಂಡಿರುತ್ತದೆ. ಇನ್ನೊಂದು ಹಿಂದಿನಿಂದ ಬಂದು ಹಣ್ಣುಕಾಯಿಯ ಕವರಿಗೆ ಕೈ ಹಾಕಿರುತ್ತದೆ. ಒಮ್ಮೆ ಅಕ್ಕನ ಕೈಯಿಂದ ಕವರು ಕಿತ್ತ ಕೋತಿ, ಗೋಡೆಯ ಮೇಲೆ ಕೂತು ಬಾಳೆಹಣ್ಣು ಸುಲಿದು ತಿಂದು, ಕಾಯಿಹೋಳನ್ನು ಮರಿಗೆ ಕೊಟ್ಟು, ಖಾಲಿ ಕವರನ್ನು ನಮ್ಮ ಕಡೆಗೇ ಬಿಸಾಡಿತು. ಸರಣಿಯ ಮೂರನೆಯ ಆಟದಲ್ಲಿ ಕೋತಿಗಳು ಆಡುವವನ ಬಲೆಯನ್ನೇ ಕಿತ್ತುಕೊಂಡು ಅವನ ಮೇಲೆ ತಿರುಗಿ ಬೀಸುತ್ತವೆ. ಅದನ್ನು ಮಾಡಿದ ಜಪಾನಿನವರು ಯಾವ ಬೆಟ್ಟ ನೋಡಿದ್ದರೋ, ಕೋತಿಯನ್ನಂತೂ ಸರಿಯಾಗಿ ನೋಡಿದ್ದಾರೆ.

ತೆಂಗು, ಕಡ್ಲೆಕಾಯಿ ಬೆಳೆಯುವವರಿಗೆ ಇದು ನಗುವಿನ ವಿಷಯ ಮಾತ್ರವಲ್ಲ. ಎಳನೀರು ಕಟ್ಟುವ ಹೊತ್ತಿಗೆ ಹಿಂಡು ಇಳಿದರೆ ವರ್ಷದ ದುಡಿಮೆ ನೆಲಕ್ಕೆ. 2019ರಲ್ಲಿ ಮಲೆನಾಡಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಬಿಟ್ಟದ್ದು ಎಲ್ಲರಿಗೂ ನೆನಪಿದ್ದೀತು. ಆಟದ ಹುಡುಗನಿಗೂ ಪ್ರೊಫೆಸರು ಹೀಗೇ ಒಂದೊಂದೇ ಉಪಾಯದ ಸಾಮಾನು ಕೊಡುತ್ತಾ ಹೋಗುತ್ತಾನೆ. ನಮ್ಮ ಕವಣೆಯನ್ನೇ ಹೋಲುವ ಒಂದು ಬಿಲ್ಲು. ಗಾಡಿ ಟೈರಿನಷ್ಟಗಲದ ಬಳೆಯೊಂದನ್ನು ಸೊಂಟಕ್ಕೆ ತಿರುಗಿಸಿಕೊಂಡರೆ ಶರವೇಗ. ಕಡ್ಡಿಯನ್ನು ಗರಗರ ತಿರುಗಿಸಿದರೆ ಹುಡುಗನನ್ನು ಮೇಲೆತ್ತುವ ಸ್ಕೈ ಫ್ಲೈಯರ್. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ದಿನ ಅಕ್ಕನ ಮಗ ಫೋನು ಮಾಡಿ, “ಮಾವ, ಸ್ಕೈ ಫ್ಲೈಯರ್ ನಮ್ಮೂರಲ್ಲೇ ತಯಾರಾಗ್ತದಂತೆ” ಅಂದ. ಅಷ್ಟು ವರ್ಷವಾದರೂ ಅವನ ಹೆಬ್ಬೆರಳು ಅದನ್ನು ಮರೆತಿರಲಿಲ್ಲ.

ಅಮ್ಮನ ತವರು ಕುಣಿಗಲ್ ಕೆರೆಯ ಆಸುಪಾಸಿನ ಹಳ್ಳಿ. ಅಲ್ಲಿಗೆ ಹೋದಾಗಲೆಲ್ಲ ಮಕ್ಕಳಿಗೆ ಕುದುರೆಯ ಚಪಲ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗೆಂದು ಶುರುವಾಗಿ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾದ ಸ್ಟಡ್ ಫಾರಂ ಕುಣಿಗಲ್ಲಿನದು. ಬಸ್ಸಿನ ಕಿಟಕಿಯಿಂದ ಬೇಲಿಯಾಚೆಯ ಕುದುರೆಗಳನ್ನು ಎಣಿಸುವುದೇ ಒಂದು ಆಟ. ಕುದುರೆಗೂ ಕೋತಿಗೂ ಏನು ಸಂಬಂಧ ಅನ್ನಬೇಡಿ, ಇದೆ. ನಮ್ಮ ಪಂಚತಂತ್ರದಲ್ಲಿ ಅರಸನ ಲಾಯಕ್ಕೆ ಬೆಂಕಿ ಬಿದ್ದಾಗ, ಸುಟ್ಟ ಕುದುರೆಗಳಿಗೆ ಕೋತಿಯ ಕೊಬ್ಬೇ ಮದ್ದೆಂದು ವೈದ್ಯರು ಹೇಳಿ ಕೋತಿಗಳ ಕುಲಕ್ಕೇ ಕುತ್ತು ಬರುತ್ತದೆ. ಜಪಾನಿನ ನಂಬಿಕೆ ಇದಕ್ಕೆ ತಿರುವುಮುರುವು: ಅಲ್ಲಿ ಕೋತಿ ಕುದುರೆಯ ಕಾವಲುಗಾರ, ಲಾಯದಲ್ಲಿ ಕೋತಿಯಿದ್ದರೆ ಕುದುರೆಗೆ ರೋಗ ಬಾರದು. ಕೆಟ್ಟದ್ದನ್ನು ನೋಡದ, ಕೇಳದ, ಆಡದ ಮೂರು ಕೋತಿಗಳನ್ನು ನಾವೆಲ್ಲ ಗಾಂಧೀಜಿಯ ಹೆಸರಿನೊಡನೆ ಬಲ್ಲೆವಲ್ಲ. ಅವುಗಳ ಹೆಸರಾಂತ ಕೆತ್ತನೆಯಿರುವುದು ಜಪಾನಿನ ನಿಕ್ಕೋ ಊರಿನ ತೋಶೋಗು ದೇಗುಲದಲ್ಲಿ, ಅದರಲ್ಲೂ ಅಲ್ಲಿನ ಕುದುರೆಲಾಯದ ಮೇಲೆ. 17ನೇ ಶತಮಾನದ್ದು. ಕೋತಿಯನ್ನು ಲಾಯದ ಬಾಗಿಲಲ್ಲಿ ಕೂರಿಸಿ ಗೌರವಿಸಿದ ನಾಡಿನಲ್ಲಿ ಕೋತಿಯ ಆಟ ಹುಟ್ಟಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಆ ಆಟದಲ್ಲಿ ಒಂದು ಕೋತಿಯೂ ಸಾಯುವುದಿಲ್ಲ. ಬಲೆ ಬಿದ್ದರೆ ಮಾಯವಾಗಿ ಮನೆ ಸೇರುತ್ತದೆ, ಅಷ್ಟೇ. ಅಮ್ಮನಿಗೆ ಆಟ ಹಿಡಿಸಿದ್ದು ಇದಕ್ಕೇ. “ಹೊಡೆಯೋದಿಲ್ವಲ್ಲ, ಸದ್ಯ” ಅಂದಿದ್ದಳು. ಹೊಲ ಕಾದ ಇಪ್ಪತ್ತು ವರ್ಷದಲ್ಲಿ ಅವಳು ಡಬ್ಬ ಬಡಿದದ್ದೇ ಹೊರತು ಕೋತಿಗೆ ಕಲ್ಲು ತಾಗಿಸಿದವಳಲ್ಲ.

ಇಷ್ಟು ಹೊತ್ತೂ ಒಬ್ಬನೇ ಆಡುವ ಆಟದ ಮಾತಾಯಿತು. ಅದರ ಹೊಟ್ಟೆಯೊಳಗೆ ಇಬ್ಬರಾಡುವ ಆಟಗಳನ್ನೂ ಅವಿಸಿಟ್ಟಿದ್ದಾರೆ. ಅಲ್ಲಲ್ಲಿ ಬಿದ್ದಿರುವ ಸ್ಪೆಕ್ಟರ್ ನಾಣ್ಯಗಳನ್ನು ಹುಡುಕಿ ಕೂಡಿಟ್ಟರೆ ಒಂದೊಂದೇ ಬಾಗಿಲು ತೆರೆಯುತ್ತದೆ. ಒಂದು ಹಿಮದ ಮೇಲೆ ಜಾರುವ ಪಂದ್ಯ. ಇನ್ನೊಂದು ಬಾಕ್ಸಿಂಗು: ಎಡ ಕಡ್ಡಿ ಎಡ ಮುಷ್ಟಿ, ಬಲ ಕಡ್ಡಿ ಬಲ ಮುಷ್ಟಿ. ಎರಡನೆಯ ಆಟದಲ್ಲಿ ಕೋತಿಗಳ ಫುಟ್‌ಬಾಲ್ ಬಂತು. 2004ರಲ್ಲಿ ‘ಪಂಪ್ಡ್ ಆ್ಯಂಡ್ ಪ್ರೈಮ್ಡ್’ ಎಂದು ನಾಲ್ವರು ಒಟ್ಟಿಗೆ ಕಾದಾಡುವ ಆಟವನ್ನೇ ಬೇರೆಯಾಗಿ ಮಾಡಿದರು. ಪ್ಲೇಸ್ಟೇಷನ್ 2ಕ್ಕೆ ಇರುವುದು ಎರಡೇ ತೂತು. ನಾಲ್ವರು ಆಡಬೇಕಾದರೆ ಮಲ್ಟಿಟ್ಯಾಪ್ ಅನ್ನುವ ಇನ್ನೊಂದು ಡಬ್ಬಿ ಕೊಳ್ಳಬೇಕು, ಮತ್ತೆರಡು ಕಂಟ್ರೋಲರ್ ಬೇಕು. ನಮ್ಮ ನಡುಮನೆಯಲ್ಲಿ ಐದು ಮಕ್ಕಳು, ಎರಡು ಕಂಟ್ರೋಲರು.

ಜಗಳ ಬರದೆ ಇರುತ್ತದೆಯೇ? ಮೊದಲನೆಯ ದಿನ ಸೋತವನು ಎದ್ದು ಹೋಗಬೇಕೆಂದಾಯಿತು. ಚಿಕ್ಕವನು ಎರಡೇ ನಿಮಿಷಕ್ಕೆ ಸೋತು, ಮಿಕ್ಕ ಸಂಜೆಯೆಲ್ಲ ಕಂಬಕ್ಕೆ ಒರಗಿ ಮೂತಿ ಊದಿಸಿಕೊಂಡು ಕೂತ. ಎರಡನೆಯ ದಿನ ಗೆದ್ದವನು ಎದ್ದು ಹೋಗಬೇಕೆಂದರು. ಯಾರೂ ಗೆಲ್ಲಲು ಒಪ್ಪಲಿಲ್ಲ. ಕೊನೆಗೆ ಪಂಚಾಯ್ತಿ ಅಮ್ಮನ ಮುಂದೆ ಬಂತು.

“ಮರಕೋತಿ ಆಡಿದೀರೇನ್ರೋ?” ಅಂತ ಕೇಳಿದಳು.

ತುಮಕೂರಿನ ಮಕ್ಕಳು ಆಡಿರಲಿಲ್ಲ. ಸುಮ್ಮನೆ ಹೇಳಿದರೆ ತಿಳಿಯುವುದಿಲ್ಲವೆಂದು ಅಮ್ಮ ಎಲ್ಲರನ್ನೂ ಹಿತ್ತಲ ಹುಣಸೆಮರಕ್ಕೆ ಕರೆದೊಯ್ದಳು. ಕುಡುಗೋಲಿನ ಹಿಡಿಯಿಂದ ಮರದಡಿಯಲ್ಲಿ ದುಂಡಗೆ ಗೀಚಿದಳು. ಮೊಳದುದ್ದದ ಕೋಲೊಂದನ್ನು ನನ್ನ ಕೈಗೆ ಕೊಟ್ಟು, “ಎಸಿ” ಅಂದಳು. ಒಂಟಿಗಾಲಲ್ಲಿ ನಿಂತು, ಎತ್ತಿದ ಕಾಲಡಿಯಿಂದ ಕೋಲನ್ನು ಬೀಸಿ ಎಸೆದೆ. ಮೂವತ್ತು ವರ್ಷದ ಮೇಲೆ ತೋಳಿಗೆ ಅದು ತಾನಾಗಿ ನೆನಪಿತ್ತು. ಕಳ್ಳನಾದವನು ಓಡಿಹೋಗಿ ಆ ಕೋಲು ತಂದು ದುಂಡಿನೊಳಗೆ ಇಡುವಷ್ಟರಲ್ಲಿ ಉಳಿದವರೆಲ್ಲ ಮರದ ಮೇಲೆ. ಅವನು ಹತ್ತಿ ಒಬ್ಬನನ್ನು ಮುಟ್ಟಬೇಕು. ಅವನು ಈ ಕೊಂಬೆಗೆ ಬಂದರೆ ಆ ಕೊಂಬೆಯವನು ಕೆಳಕ್ಕೆ ಧುಮುಕಿ ಕೋಲು ಮುಟ್ಟಿ ಪಾರಾಗುತ್ತಾನೆ. ಕಳ್ಳನಿಗೆ ಮೇಲೂ ಕಣ್ಣು, ಕೆಳಗೂ ಕಣ್ಣು. ಇದ್ದ ಕೋತಿಗಳೆಲ್ಲ ಕೊಂಬೆ ಅಲ್ಲಾಡಿಸಿ, ನಾಲಗೆ ಚಾಚಿ ಅವನನ್ನು ರೇಗಿಸುತ್ತವೆ. ಯಾರನ್ನು ಮುಟ್ಟಿದನೋ ಅವನು ಮುಂದಿನ ಕಳ್ಳ. ಮುಟ್ಟಿದವನು ಕೋತಿಯಾಗಿ ಮರ ಹತ್ತುತ್ತಾನೆ.

“ನೋಡಿದ್ರಾ? ಯಾರೂ ಮನೆಗೆ ಹೋಗಲ್ಲ,” ಅಂದಳು ಅಮ್ಮ. “ಸಿಕ್ಕಿದೋನಿಗೆ ಕೆಲಸ ಇನ್ನೂ ಜಾಸ್ತಿ.”

ಆ ನೆರಳಲ್ಲೇ ಅವಳು ತನ್ನ ಕಥೆಯನ್ನೂ ಬಿಚ್ಚಿದಳು. ಕುಣಿಗಲ್ಲಿನ ತವರೂರಿನಲ್ಲಿ ಲಂಗ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಅಣ್ಣತಮ್ಮಂದಿರ ಸಮಕ್ಕೆ ಹತ್ತುತ್ತಿದ್ದಳಂತೆ. ತುದಿ ಕೊಂಬೆಯವರೆಗೆ ಹೋಗುತ್ತಿದ್ದದ್ದು ಅವಳೊಬ್ಬಳೇ, ಹಗುರವಾಗಿದ್ದಳಲ್ಲ. ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ಒಂದು ಸಲವೂ ಮರ ಹತ್ತಲಿಲ್ಲ. ಅವಳ ಮಗನಾಗಿ ನಲವತ್ತು ವರ್ಷ ಬದುಕಿದ್ದ ನನಗೆ ಇದು ಗೊತ್ತಿರಲಿಲ್ಲ. ಜಪಾನಿನ ಕೋತಿ ಬಂದು ತಿಳಿಸಬೇಕಾಯಿತು.

ಮಕ್ಕಳು ಒಳಗೆ ಬಂದು ಹೊಸ ಕಾನೂನು ಮಾಡಿದರು. ಸೋತವನು ಕಳ್ಳ. ಕಳ್ಳ ಕಂಟ್ರೋಲರನ್ನು ಮುಂದಿನವನಿಗೆ ಕೊಟ್ಟು ಟೀವಿಯ ಪಕ್ಕ ನಿಂತು, ಸ್ಪೈಕಿನ ಬೆನ್ನ ಹಿಂದಿನ ಕೋತಿಯ ದೀಪ ನೋಡಿ ಬಣ್ಣ ಕೂಗಬೇಕು: “ನೀಲಿ, ನೀಲಿ, ಹಳದಿ, ಕೂತ್ಕೊಳ್ಳೋ!” ಬಾಕ್ಸಿಂಗಾದರೆ ಹೊಡೆತ ಎಣಿಸಬೇಕು. ತಪ್ಪು ಕೂಗಿದರೆ ಇನ್ನೊಂದು ಸುತ್ತು ಕಳ್ಳತನ. ಮೂತಿ ಊದಿಸಿದ್ದ ಚಿಕ್ಕವನೇ ಎಲ್ಲರಿಗಿಂತ ಒಳ್ಳೆಯ ಕಳ್ಳನಾದ. ಅವನ ಕಣ್ಣು ಅಷ್ಟು ಚುರುಕು. ಕೊನೆಕೊನೆಗೆ, “ನಾನು ಆಡಲ್ಲ, ಕೂಗ್ತೀನಿ” ಅಂತ ತಾನೇ ಕೇಳಿ ಆ ಜಾಗ ಹಿಡಿಯುತ್ತಿದ್ದ. ಎರಡು ತೂತಿನ ಡಬ್ಬಿಯಲ್ಲಿ ಐವರು ಆಡಿದರು. ಮಲ್ಟಿಟ್ಯಾಪು ಬೇಕಾಗಲಿಲ್ಲ.

ರಜೆ ಮುಗಿಯುವ ಹಿಂದಿನ ರಾತ್ರಿ 204ನೆಯ ಕೋತಿ ಸಿಕ್ಕಿತು. ಎಲ್ಲರೂ ಕೂಗಾಡಿ ಕುಣಿದರು. ಅಮ್ಮ ಕೇಳಿದಳು: “ಇನ್ನು?”

“ಇನ್ನೇನಿಲ್ಲ ಅಜ್ಜಿ, ಮುಗೀತು.”

“ಮುಗೀತಾ? ಕೊನೆಯವನನ್ನ ಹಿಡಿದ್ಮೇಲೆ ಅವನೇ ಕಳ್ಳ ಅಲ್ವೇನ್ಲಾ?”

ಅಕ್ಕನ ಮಗ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಬಾಕ್ಸಿಂಗಿಗೆ ಹೋಗಿ, ಎರಡನೆಯ ಕಂಟ್ರೋಲರನ್ನು ಚಿಕ್ಕವನ ಕೈಗಿಟ್ಟ.

ಆ ಸರಣಿಯ ಆಟಗಳನ್ನು ಕುರಿತು ನಾನು ಆಮೇಲೆ ಓದಿದ್ದು ಬಹಳ. ಅದನ್ನು ಕಟ್ಟಿದ ಜಪಾನ್ ಸ್ಟುಡಿಯೋವನ್ನು 2021ರಲ್ಲಿ ಮುಚ್ಚಿದರು. ಅದರ ಗರ್ಭದಿಂದಲೇ ಬಂದ ಟೀಮ್ ಅಸೋಬಿಯವರು 2024ರ ‘ಆಸ್ಟ್ರೋ ಬಾಟ್’ ಆಟದಲ್ಲಿ ಅದೇ ಬಲೆ, ಅದೇ ದೀಪದ ಹೆಲ್ಮೆಟ್ಟಿನ ಕೋತಿಗಳನ್ನು ಮತ್ತೆ ತಂದರು. ಹೈದರಾಬಾದಿನ ಗೇಮ್‌ಶಾಸ್ತ್ರದವರು 2009ರ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿಯನ್ನೂ ಚಿನ್ನಿದಾಂಡನ್ನೂ ಪ್ಲೇಸ್ಟೇಷನ್ನಿಗೆ ಹತ್ತಿಸಿದ್ದಾರೆ. ಹಾಗೆಯೇ ಮರಕೋತಿಯನ್ನೂ ಯಾರಾದರೂ ಕನ್ನಡದ ಹುಡುಗರು ಪರದೆಗೆ ತರಲಿ ಅನ್ನುವುದು ನನ್ನ ದೊಡ್ಡ ಆಸೆ. ಹುಣಸೆಮರ, ಕೋಲು, ದುಂಡು ಗೀಟು, ಐವರು ಕೋತಿಗಳು ಸಾಕು. ಒಂದೇ ಒಂದು ಕಟ್ಟಳೆ ಮಾತ್ರ ತಪ್ಪದಿರಲಿ: ಸಿಕ್ಕವನನ್ನು ಆಟದಿಂದ ಹೊರಗೆ ಹಾಕಬಾರದು.

ಚಿಕ್ಕವನಿಗೆ ಈಗ ತುಮಕೂರಿನಲ್ಲೇ ಕೆಲಸ. ಹೋದ ಸಲ ಊರಿಗೆ ಬಂದಾಗ ಅಣ್ಣನ ಮಗಳು ಫೋನಿನಲ್ಲಿ ಏನೋ ಆಡುತ್ತಾ ಒಬ್ಬಳೇ ಕೂತಿದ್ದಳು. ಅವನು ಪಕ್ಕದಲ್ಲಿ ಕೂತು, ಪರದೆ ನೋಡಿ, ಒಂದೇ ಸಮನೆ ಕೂಗತೊಡಗಿದ: “ಎಡಕ್ಕೆ, ಎಡಕ್ಕೆ, ಹಿಂದೆ ಬಂತು ನೋಡು!” ಅವಳು ಮೊದಲು ಸಿಡುಕಿದಳು, ಆಮೇಲೆ ನಕ್ಕಳು. ಸೋತಾಗ ಫೋನನ್ನು ಅವನ ಕೈಗೆ ಕೊಟ್ಟು, “ಈಗ ನಾನು ಕೂಗ್ತೀನಿ” ಅಂದಳು.

ಒಳಗಿನಿಂದ ಅಮ್ಮನ ದನಿ ಬಂತು: “ಸಾರು ಬಿಸಿ ಮಾಡಿದೀನಿ, ಏಳ್ರೋ.”